ಕುಣಿ ಹತ್ರ ಬಂದ್ರ ನಿಲ್ಲೋ ಕೈ

ಹಿಡಿ ಹಿಡಿ ರಾಜೀ, ಅದನ್ನ ಹಿಡಿ!... ಹೋತು. ಬಾಯ್ಲರ್ ಕೆಳಗ ಉರುಳಿಕೊಂತ ಹೋತು. ಬಿಡು, ಬುಟ್ಟ್ಯಾಗ ಇನ್ನೂ ಚೆಂಡು ಅದಾವು. ಇನ್ನೊಂದು ಇಡು, ಇಲ್ಲಿ, ಈ ಗೋಣಿತಟ್ಟಿನ ಮ್ಯಾಲ. ಹಾಂ... ಯಾಕ ನಗಾಕತ್ತಿ? ಸಿಂಧನೂರಿನಾಗ ರೈಸ್ ಮಿಲ್ ನಡಸಾವ ಗಾಲ್ಫ್ ಆಡಬಾರ್ದು ಅಂತ ಎಲ್ಲೆರ ಬರದೈತೇನು? ಅಪ್ಪ ಅಂಬೋ ಖಬರ್ ಇರಲಿ ಜರಾ ಮಗಳ!

ದೂರದ್ದು ಹೊಡೀತೀನಲ್ಲವ್ವಾ! ಮುಂಜಾನೆ ನೀನ ನೋಡಿದಿ, ಹೊಟ್ಟಿನ ಗುಡ್ಡಿ ದಾಟಿ, ಕಾಂಪೌಂಡ್ ದಾಟಿ, ಗೊರೇಬಾಳ ರಸ್ತೆಗೆ ಹೋಗಿ ಬಿತ್ತು. ಆಟೋದಾವ ಬೈದ, ಅದು ಬ್ಯಾರೆ ಮಾತು. ಆದ್ರ ಹೋತೋ ಇಲ್ಲೋ? ತಕರಾರು ಇರೂದೆಲ್ಲಾ ಹತ್ರದ ಹೊಡೆತದ್ದು. ಕುಣಿ ಅಲ್ಲೇ ಕಾಣಸ್ತಿರ್ತೈತಿ, ಅಗ್ದಿ ಕಾಲಬುಡಕ. ಜರಾ ತಟ್ಟಿದ್ರ ಸಾಕು, ಬೀಳ್ತೈತಿ. ಕೋಲು ಎತ್ತತೀನಿ... ಇಳಸ್ತೀನಿ... ಚೆಂಡಿನ ಹತ್ರ ಬರೂದಕ್ಕ ಕೈ ನಿಂತುಬಿಡ್ತೈತಿ. ಯಾರೋ ಹಿಂದಿನಿಂದ ಮುಂಗೈ ಹಿಡದಂಗ! ನೋಡು ಈಗ... ನೋಡು... ಥೂ ಇದರ!

ನೋಡಿದೇನು? ಕೋಲು ಚೆಂಡಿನ ಬುಡಕ ನೆಲ ಸವರಿಕೊಂತ ಹೋಗಬೇಕು. ನಂದು ನೆಲ ಮುಟ್ಟೂದ ಇಲ್ಲ. ಚೆಂಡಿನ ನೆತ್ತಿಗೆ ಬಡೀತೈತಿ, ಅದು ಹುಚ್ಚು ಹಿಡದಂಗ ಎತ್ತಾಗರ ಓಡ್ತೈತಿ. ಇದಕ್ಕ ಮೆಂಟಲ್ ಬ್ಲಾಕ್ ಅಂತಾರಂತ. ಬೀಗರು ಹೇಳಿದ್ರು.

ಆತು, ಆಗೋ ಬೀಗರು! ಇನ್ನೂ ನಿಶ್ಚಯ ಆಗಿಲ್ಲ, ಗೊತ್ತೈತಿ ನನಗೂ. ಹುಡುಗನ ಅಪ್ಪ ಅನ್ನಲೇನು ಹಂಗಾದ್ರ? ಸಿದ್ದಲಿಂಗೇಶಪ್ಪನವರು ದೊಡ್ಡ ಇಂಜಿನಿಯರ್ ಆಗಿ ರಿಟೈರ್ ಆದವರು. ಲಿಂಗಸುಗೂರಿನ ಹೊರಗ ತಮ್ಮ ಹೊಲದಾಗ ತೊಗರಿ ಬಿತ್ತೂದು ಬಿಟ್ಟು ಹುಲ್ಲು ಬೆಳಿಸ್ಯಾರ, ನಾಕು ಕುಣಿ ತೋಡಿ ಬಾವುಟ ನೆಟ್ಟಾರ. ಅಂಥವರು ಮನಿಗೆ ಕರದು, ಕೈಯಾಗ ಕೋಲು ಕೊಟ್ಟು, ‘ಬರ್ರಿ ಹಂಪಣ್ಣಾರ, ನಿಮಗೂ ಕಲಸ್ತೀನಿ’ ಅಂದ್ರ ಒಲ್ಲೆ ಅನ್ನಾಕ ಆಗ್ತೈತೇನು? ಅಲ್ಲಿಗೆ ಹೋಗೋ ದಾರ್ಯಾಗ, ಮಸ್ಕ್ಯಾಗ ಚಾ ಕುಡ್ಯಾಕ ಗಾಡಿ ನಿಲ್ಲಿಸಿದ್ರ ಹೋಟೆಲ್ ಮೌಲಾಹುಸೇನ ಈ ಕೋಲಿನ ಚೀಲ ನೋಡಿ, ‘ಏನ್ರೀ ಸಾವ್ಕಾರ್ರ, ಹೊಲದಾಗ ಹುಳಕ್ಕ ಎಣ್ಣಿ ಹೊಡ್ಯೋ ಹೊಸ ನಮೂನಿ ಪಂಪೇನ್ರಿ?’ ಅಂತಾನ. ‘ಹೌದಪಾ’ ಅಂದೆ. ಇನ್ನೇನು ಹೇಳಲಿ ಅವಂಗ! ನಗು, ನಗು.

ನಿನ್ನ ಮಾತು ನೆನಪೈತಿ ನನಗ. ಹಂಗ ನೋಡಬ್ಯಾಡ. ‘ಮದಿವ್ಯಾದ ಮ್ಯಾಲೂ ಮಿಲ್ಲು ನಾನ ನಡಸ್ತೀನಿ, ಲಿಂಗಸುಗೂರಿನಿಂದ ದಿನಾ ಬಂದು ಹೋಗ್ತೀನಿ, ಇದಕ್ಕ ಅವರು ಒಪ್ಪಿದ್ರ ಮಾತ್ರ ನಿಶ್ಚಯ ಮಾಡಪ್ಪಾ’ ಅಂದಿ. ಇಷ್ಟ ಅಲ್ಲ? ನಾಳೆ ಹೇಳ್ತೀನಿ. ನಾಳೆ ಅವರ ಹೊಲದಾಗ ಆಟ ಮುಗೀಲಿ, ನಂದೂ ಒಂದೆರಡು ಚೆಂಡು ಕುಣ್ಯಾಗ ಬೀಳಲಿ, ಅವರ ಮನಸು ಖುಷಿ ಇರೂಮುಂದ ಹಗೂರಕ ಮಾತು ತಗೀತೀನಿ. ಮತ್ಯಾಕ ಈ ಬಿಸಲಾಗ ಒದ್ದಾಡಾಕತ್ತೀನಿ ಅಂತ ತಿಳಿದಿ? ಎಲ್ಲಾ ನಿನ್ನ ಸಲುವಾಗಿ!

ನೀ ಇಲ್ಲದ ಈ ಮಿಲ್ಲು ನಡೀತೈತೇನು? ನನಗೇನು ಗೊತ್ತಿಲ್ಲೇನು ಅದು? ತುರ್ವಿಹಾಳದಾವ್ರು ನೆಲ್ಲು ತಂದ್ರ ‘ಅಕ್ಕಾರ ಇಲ್ಲೇನ್ರೀ?’ ಅಂತ ಕೇಳ್ತಾರ, ನನ್ನ ನೋಡಿ ಮಾರಿ ಸಪ್ಪಗ ಮಾಡ್ತಾರ. ನೀ ಅಂಗೈಯಾಗ ನಾಕು ಕಾಳು ತಿಕ್ಕಿ, ಇದರಾಗ ನುಚ್ಚು ಎಷ್ಟು ಬೀಳ್ತೈತಿ ಅಂತ ಹೇಳಿಬಿಡ್ತಿ. ಸುಳ್ಳಲ್ಲ.

ಮೊದಲ ಈ ಕೈಯ ತಕರಾರು ನೋಡೂಣು. ಅಂಗಳದಾಗ ಹರವಿದ್ದ ನೆಲ್ಲಿಂದ ಹಿಂಗಾಗೈತಿ ಅಂತ ನಾನ ಹೇಳಿದ್ದೆ. ಖರೇನ ಹಂಗ ಅನ್ನಿಸಿತ್ತು. ಹುಟ್ಟಿದಾಗಿಂದ ನೆಲ್ಲಿನಾಗ ಬೆಳದಾವ ನಾ. ಒಣಗ ಹಾಕಿದ ನೆಲ್ಲಿನ ಹತ್ರ ಚಪ್ಲಿ ಹಾಕ್ಕೊಂಡು ಹೋದ್ರ ನಿಮ್ಮಜ್ಜಿ ಗುರುಲಿಂಗಮ್ಮ ಬೆನ್ನಿಗೆ ಗುದ್ದತಿದ್ಲು. ಅನ್ನ ಅದು, ಒದೀಬಾರ್ದು, ಹೊಡೀಬಾರ್ದು. ಅಂಥಾದ್ರ ಬಾಜೂಕ ನಿಂತು ಕಬ್ಬಿಣದ ಕೋಲು ಬೀಸಿದ್ರ ಏನಾಗ್ತೈತಿ? ಕಾಳಿಗೆ ತಾಗೀತು ಅಂತ ಕೈ ತಾನ ಮ್ಯಾಲ ಏಳ್ತೈತಿ. ಬರಿಗಾಲಾಗ ಗಾಲ್ಫ್ ಆಡಾವ ಜಗತ್ತಿನಾಗ ನಾನೊಬ್ಬನ ಇರಬೇಕು! ನೀ ಕೇಳಿದಿ. ಹಮಾಲರನ್ನ ಕರದು ಇಡೀ ಅಂಗಳದ ನೆಲ್ಲು ಚೀಲಕ್ಕ ತುಂಬಿಸಿದಿ, ಕಸಬರಿಗಿ ಆಡಿಸಿದಿ. ಈಗ ಹುಡುಕಿದ್ರ ಒಂದು ಕಾಳು ಸಿಗಂಗಿಲ್ಲ. ಇಡು ಚೆಂಡು. ಈಗ ನೋಡು... ಥೂ! ಮತ್ತ ನಿಂತುಬಿಡ್ತು! ಈ ಕೈ ಕಡದು ಒಗೀಬೇಕು ಅನ್ನಿಸ್ತೈತಿ!

ಹುಬ್ಬು ಯಾಕ ಏರಸ್ತಿ? ಮೊದಲಿಂದ ಹಿಂಗ ಇರಲಿಲ್ಲವ್ವಾ. ಹೋದ ಐತವಾರ ಮೊದಲನೇ ಕುಣ್ಯಾಗ ಹಾಕಿದೆ. ಎರಡನೇದ್ರಾಗೂ ಹಾಕಿದೆ, ಬೀಗರು ಚಪ್ಪಾಳಿ ಹೊಡದ್ರು! ಮೂರನೇದೂ ಬಿತ್ತು. ಕಡೀ ಕುಣಿಗೆ ಬಂದಾಗ...

ಏನು? ಓಹೋ. ಮೂರು ಬಿದ್ದಿದ್ವು ಅಂದ್ರ ಇದು ನೆಲ್ಲಿಂದ ಆಗಿದ್ದಲ್ಲ ಅಂತೀಯಾ? ಶಾಣ್ಯಾಕಿ ನೀ, ಎಲ್ಲಾದ್ರಾಗೂ ನುಚ್ಚು ಆರಸ್ತಿ. ಇರಬೌದು, ಬ್ಯಾರೆ ಏನರ ಇರಬೌದು. ಬಿಸಲಿತ್ತು. ಮಾತು ನಡದಿತ್ತು. ಕೋಲು ಎತ್ತಿ ನಿಂತಾವನ್ನ ಯಾರರ ಮಾತಾಡಸ್ತಾರೇನು? ಅವರು ಮಾತಾಡಿಸಿದ್ರು. ಅವರದ ತಪ್ಪು!

ಏನಿಲ್ಲ... ಏನೋ ಕೇಳಿದ್ರು. ಮಿಲ್ಲಿನ ಮಾತು. ಈ ಸಲ ಸೋನಾ ಮಸೂರಿ ರೇಟ್ ಹ್ಯಾಂಗ ಅಂತ... ಅಂಥಾದ್ದು. ಚೆಂಡು ಇಡು. ಇಡು ಅಂದೆ. ಮುಷ್ಟ್ಯಾಗ ಹಿಡಕೊಂಡು ಯಾಕ ನಿಂತಿ? ಈಗಷ್ಟ ನಗತಿದ್ದ್ಯಲ್ಲ, ಏನಾತು? ರಾಜೀ... ಏನರ ಅನ್ನು. ಬೈಯೂದಿದ್ರ ಬೈ. ಹಿಂಗ ನಿಂತ್ರ ನನಗ ತಿಳಿಯಂಗಿಲ್ಲ.

ಅವರು ಸಹಜ ಕೇಳಿದ್ರವ್ವಾ. ‘ಮದಿವ್ಯಾದ ಮ್ಯಾಲ ರಾಜಶ್ರೀ ಮಿಲ್ಲಿನ ಕಡೆ ಬರೂದಿಲ್ಲಲ್ಲ?’ ಅಂತ. ಕೋಲು ಎತ್ತಿದ್ದೆ ನಾ. ಹುಡುಗನೂ ಬಾಜೂಕ ನಿಂತಿದ್ದ. ‘ಇಲ್ರೀ’ ಅಂದೆ. ‘ಆಕಿಗೂ ಸಾಕಾಗೈತ್ರೀ ಆ ಧೂಳು’ ಅಂದೆ. ಅಂದು ಕೋಲು ಇಳಿಸಿದೆ... ಕೈ ನಿಂತುಬಿಡ್ತು.

ಅಲ್ಲ... ನಿನಗ ಸಿಟ್ಟು ಬರಬೇಕಲ್ಲ? ಗಾಬರಿ ಆಗಬೇಕಲ್ಲ? ನಿನಗ ಗೊತ್ತಿತ್ತಾ? ಹುಡುಗ ಫೋನ್ ಮಾಡಿದ್ನಾ? ಆವತ್ತ?... ಹಂಗಾದ್ರ ವಾರ ಪೂರ್ತಿ ಗೊತ್ತಿದ್ದೂ ಚೆಂಡು ಆರಿಸಿ ಕೊಟ್ಟೀಯಾ? ಗೊತ್ತಿದ್ದೂ ಅಂಗಳ ಬಳಿಸಿದೇನವ್ವಾ? ನಾನಾಗಿ ಹೇಳ್ತೀನೇನೋ ಅಂತ ಕಾಯಾಕತ್ತಿದ್ದಿ.

ನಿನ್ನ ಸಲುವಾಗಿ ಅಂದೆನಲ್ಲ, ಅದು ಸುಳ್ಳು. ಆ ಹುಲ್ಲಿನ ಮ್ಯಾಲ ಅಂಥಾ ಇಂಜಿನಿಯರ್ ನನಗ ಚಪ್ಪಾಳಿ ಹೊಡದ್ರು ನೋಡು... ಜೀವನದಾಗ ಚೀಲ ಎಣಿಸಿದ್ದು ಬಿಟ್ಟು ನಾನೂ ಏನೋ ಆದೆ ಅನ್ನಿಸ್ತು. ‘ಆಕಿ ಬರ್ತಾಳ್ರೀ, ಮಿಲ್ಲು ಆಕೀದು’ ಅಂದ್ರ ಅದೆಲ್ಲಾ ಅಲ್ಲೇ ಮುಗದುಹೋಗ್ತೈತೇನೋ ಅಂತ ಹೆದರಿಕಿ ಬಂತು. ನಾಚಿಕಿ ಆಗ್ತೈತಿ ನನಗ. ಭಾಳ ನಾಚಿಕಿ ಆಗ್ತೈತಿ.

ಎಲ್ಲಿ ಹೊಂಟಿ? ಗಾಡಿ ಚಾವಿ ಯಾಕ ತಗೊಂಡಿ? ಈಗ ಲಿಂಗಸುಗೂರಿಗಾ?! ನಾಳೆ ಹೆಂಗೂ ಹೊಂಟೀನಲ್ಲ, ಆಟಕ್ಕ ಮೊದಲ ಹೇಳ್ತೀನಿ, ಖರೇನ ಹೇಳ್ತೀನಿ... ಫೋನ್ ಮಾಡಿದ್ರ ಆಗಂಗಿಲ್ಲೇನು? ...ಆತು. ಆಗಂಗಿಲ್ಲ. ತಡಿ, ಚಪ್ಲಿ ಹಾಕ್ಕೊಂತೀನಿ. ಅವರ ಎದುರಿಗೆ ನಾನ ಹೇಳ್ತೀನಿ, ನೀ ಬಾಜೂಕ ನಿಂದ್ರು ಸಾಕು. ‘ನಾ ಸುಳ್ಳು ಹೇಳಿದ್ದೆ ಸಾಹೇಬ್ರ’ ಅಂತ ಅನ್ಲೇನು ಮೊದಲ? ಹಂಗ ಅನ್ಲೇನು? ...ರಾಜೀ, ಗಾಡಿ ಜರಾ ಹಗೂರ ಬಿಡು. ಮತ್ತ ಏನರ ಮಾತಾಡವ್ವಾ. ಮಸ್ಕಿ ತನಕರ ಮಾತಾಡು.