ಸಿದ್ದವ್ವನ ಕುಂಬಳಬೀಜ ಮತ್ತು ನನ್ನ ಕರಪತ್ರ

ನಡುವಿನ ದೊಡ್ಡ ಕುರ್ಚಿಯಲ್ಲಿ ವಿರಾಜಮಾನರಾದ ಅಧ್ಯಕ್ಷ ರುದ್ರಮುನಿಯವರೇ, ಒಂದೂವರೆ ತಾಸು ತಡವಾಗಿ ಬಂದು ಸಭೆಯ ಘನತೆ ಹೆಚ್ಚಿಸಿದ ಅತಿಥಿಗಳೇ, ಸಾರಿನ ವಾಸನೆ ಬಂದರೂ ಎದ್ದುಹೋಗದ ರಾಣೆಬೆನ್ನೂರಿನ ಸಭಿಕರೇ,

ಮನೆಬೀಜ ಹೋರಾಟದ ‘ಪ್ರಚಾರ ಸಿಂಹ’ ಎಂದು ಕರೆದು ನನಗೆ ಶಾಲು ಹೊದಿಸಿದಿರಿ. ಸಿಂಹಕ್ಕೆ ಸುಸ್ತಾಗಿದೆ. ಎರಡು ವರ್ಷ ಅದೇ ಮಾತನ್ನು ಮೈಕಿನಲ್ಲಿ ಕೂಗಿ ಗಂಟಲು ಹೋಗಿದೆ. ಆದ್ದರಿಂದ ಇವತ್ತು ಮೆಲ್ಲಗೆ, ಖರೇ ಮಾತಾಡುತ್ತೇನೆ.

ಎರಡು ಸಾವಿರದ ನಾಲ್ಕರಲ್ಲಿ ದಿಲ್ಲಿಯಲ್ಲಿ ಬೀಜ ಮಸೂದೆ ಬಂತು. ತಕರಾರು ತೆಗೆಯಬೇಕಾದ ಸಂಗತಿಗಳು ಅದರಲ್ಲಿದ್ದವು. ಕಳಪೆ ಬೀಜಕ್ಕೆ ಪರಿಹಾರ ಹೇಗೆ? ದರಕ್ಕೆ ಲಗಾಮು ಯಾರದು? ಇದನ್ನೆಲ್ಲ ಆಟೋದಿಂದ ಕೂಗಿದರೆ ಯಾರು ಕಿವಿಗೊಡುತ್ತಾರೆ? ನಾನು ಕರಪತ್ರ ಬರೆದೆ: ‘ಹಿತ್ತಲ ಹೀರೇಬಳ್ಳಿಗೂ ಲೈಸೆನ್ಸು. ಮನೆಯಲ್ಲಿ ಬೀಜ ಸಿಕ್ಕರೆ ಜೈಲು. ಬೀಜವಿದ್ದ ಗೋಡೆ ಜಪ್ತಿ.’ ಗೋಡೆಯ ಮಾತು ತಮಾಷೆಗೆ ಬರೆದದ್ದು. ಜಪ್ತಿ ಮಾಡಿದ ಗೋಡೆಯನ್ನು ಎಲ್ಲಿ ಇಡುತ್ತಾರೆಂದು ಒಬ್ಬರೂ ಕೇಳಲಿಲ್ಲ. ಅಧ್ಯಕ್ಷರು ಇನ್ನೂ ಎರಡು ಸಾವಿರ ಪ್ರತಿ ಹಾಕಿಸು ಎಂದರು. ಮನೆಯ ಬೀಜ ಇಟ್ಟುಕೊಳ್ಳಲು, ನೆರೆಯವರಿಗೆ ಕೊಡಲು ಆ ಕರಡಿನಲ್ಲಿ ಅಡ್ಡಿಯಿರಲಿಲ್ಲ. ಅದನ್ನು ನಾನು ಓದಿದ್ದೆ. ಓದಿಯೂ ಬರೆದೆ.

ಕುಪ್ಪೇಲೂರಿನ ಸಿದ್ದವ್ವನನ್ನು ಇಲ್ಲಿರುವ ಬಹಳ ಹೆಣ್ಣುಮಕ್ಕಳು ಬಲ್ಲಿರಿ. ಬಿತ್ತನೆಯ ಕುಂಬಳಬೀಜವನ್ನು ಬೂದಿ ಬೆರೆಸಿದ ಸಗಣಿಯಲ್ಲಿಟ್ಟು ಅಡುಗೆಮನೆಯ ಗೋಡೆಗೆ ತಟ್ಟುವವಳು. ಮೊದಲ ಮಳೆಗೆ ಮನೆಗೆ ಬಂದವರ ಉಡಿಯಲ್ಲಿ ಐದೈದು ಬೀಜ ಹಾಕುತ್ತಿದ್ದಳು. ಒಂದನ್ನೂ ಮಾರಿದವಳಲ್ಲ. ಶೀಗಿ ಹುಣ್ಣಿಮೆಯ ಕಡುಬಿಗೆ ನಮ್ಮ ಮನೆಯಲ್ಲೂ ಅದೇ ತಳಿಯ ಕಾಯಿ. ನಮ್ಮವ್ವ ಕೊನೆಯ ವರ್ಷ, ಏನೂ ಸೇರದಿದ್ದಾಗ, ಅದನ್ನೊಂದು ಕೇಳಿ ತಿಂದಳು. ಅದು ಇಲ್ಲಿ ಬೇಡದ ಮಾತು, ಬಿಡಿ.

ಅವಳ ಕಟ್ಟೆಯ ಮುಂದೆ ಪ್ರಚಾರದ ಆಟೋ ನಿಲ್ಲಿಸಿದಾಗ ಒಂದು ಬುಟ್ಟಿ ಹುರಿದ ಬೀಜ ತಂದಿಟ್ಟಳು. ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಪುಡಿ. ಎರಡು ಮುಷ್ಟಿ ತಿಂದೆ. ಮೂರನೆಯದಕ್ಕೆ ಕೈ ಚಾಚಿ, ಎಷ್ಟು ಕಾಯಿ ಒಡೆದೆ ಎಂದು ಕೇಳಿದೆ.

“ಕಾಯಿ ಎಲ್ಲಿದಾವೋ ತಮ್ಮಾ? ಗ್ವಾಡಿವು ಕೆತ್ತಿ, ತೊಳದು ಹುರದೇನಿ. ಪೊಲೀಸರು ಬರೂದ್ರಾಗ ತಿಂದು ಮುಗಸು. ಹೊಟ್ಟ್ಯಾಗಿಂದು ಜಪ್ತಿ ಮಾಡಾಕ ಬರಂಗಿಲ್ಲಲ್ಲ.”

ಮೂರನೆಯ ಮುಷ್ಟಿಯನ್ನೂ ಬಾಯಿಗೆ ಹಾಕಿಕೊಂಡೆ. ಆಟೋ ಹತ್ತಿ ದೇವರಗುಡ್ಡಕ್ಕೆ ಹೋಗಿ ಮತ್ತೆ ಅದನ್ನೇ ಕೂಗಿದೆ.

ಮಸೂದೆ ಇನ್ನೂ ಪಾಸಾಗಿಲ್ಲ. ನಮ್ಮ ಕರಪತ್ರಕ್ಕೆ ದಿಲ್ಲಿ ನಡುಗಿತು ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ಕರಪತ್ರ ದಿಲ್ಲಿ ಮುಟ್ಟಿಲ್ಲ. ಕುಪ್ಪೇಲೂರು ಮುಟ್ಟಿತು. ಹೋದ ಮಳೆಗಾಲ ಸಿದ್ದವ್ವನ ಬಾಗಿಲಿಗೆ ಬಂದವರೆಲ್ಲ ಬರಿ ಉಡಿಯಲ್ಲಿ ತಿರುಗಿ ಹೋದರು. ಅವಳು ಬಾಗಿಲು ಹಾಕಿಕೊಂಡು ಒಳಗೇ ಕೂತಿದ್ದಳಂತೆ.

ಮೂರನೇ ಸಾಲಿನಲ್ಲಿ ಕೂತಿದ್ದಾಳೆ ನೋಡಿ. ನಾನೇ ಕರೆತಂದೆ. ನನ್ನ ಸನ್ಮಾನ ನೋಡಲು ಬಂದೆ ಎಂದುಕೊಂಡಿದ್ದಾಳೆ.

ಅಧ್ಯಕ್ಷರು ಸಿಟ್ಟಾಗಬಾರದು. ಈ ಶಾಲನ್ನು ಮೇಜಿನ ಮೇಲೆ ಹಾಸುತ್ತಿದ್ದೇನೆ. ಇದು ಸಿದ್ದವ್ವನ ಉಡಿ. ಅವಳಿಂದ ಬೀಜ ಒಯ್ದವರಲ್ಲಿ ನನ್ನ ಮಾತಿಗೆ ಕಿಮ್ಮತ್ತು ಕೊಡದವರು ಒಬ್ಬರಾದರೂ ಇರಬೇಕು. ಇದ್ದರೆ, ದಯಮಾಡಿ ಮನೆಗೆ ಹೋಗಿ ಗೋಡೆ ನೋಡಿ, ಐದು ಬೀಜ ತಂದು ಇದರಲ್ಲಿ ಹಾಕಿ. ನಾಳೆ ತಂದರೂ ಆದೀತು. ಸಭಾಂಗಣಕ್ಕೆ ಬೀಗ ಬಿದ್ದರೆ ಹೊರಗಿನ ಮೆಟ್ಟಿಲ ಮೇಲೆ ಇದನ್ನೇ ಹಾಸಿಕೊಂಡು ಕೂತಿರುತ್ತೇನೆ.

ನನ್ನನ್ನು ನಂಬದಿದ್ದವರಿಗೆ ಧನ್ಯವಾದಗಳು. ನಂಬಿದವರಿಗೆ ಕೈಮುಗಿದು ನಮಸ್ಕಾರ.