ಎಡಗಡೆಯ ಸಾಲುಗಳ ಕ್ಷಮೆ ಕೋರಿ

ಅಧ್ಯಕ್ಷರಾದ ಜಿಲ್ಲಾ ಆರೋಗ್ಯಾಧಿಕಾರಿ ಡಾಕ್ಟರ್ ಮ್ಸೋಸಾ ಅವರೇ, ನಮ್ಮೂರಿನ ಮುಖಂಡರಾದ ಚಿಂಬಲಂಗಾ ಅವರೇ, ಇಂದು ಕಣ್ಣು ಪರೀಕ್ಷಿಸುವ ಟಾರ್ಚು ಪಡೆದ ಕಿರಿಯ ಆರೋಗ್ಯ ಕಾರ್ಯಕರ್ತರೇ, ಸಲೀಮಾ ಜಿಲ್ಲೆಯ ಮೂಲೆಮೂಲೆಯಿಂದ ಬಂದಿರುವ ಸಭಿಕರೇ. ನಾನು ಬಲಗಡೆಗೇ ತಿರುಗಿ ಮಾತಾಡುತ್ತೇನೆ. ಎಡಗಡೆ ಕೂತವರು ಬೇಸರ ಮಾಡಿಕೊಳ್ಳಬಾರದು. ನನ್ನ ಕುತ್ತಿಗೆ ಉಳುಕಿಲ್ಲ. ಕಾರಣ ಬೇರೆ ಇದೆ.

ಈಗಷ್ಟೇ ನಿಮ್ಮ ಕೊರಳಿಗೆ ಬಿದ್ದ ಈ ಟಾರ್ಚು ಬೆರಳಿನಷ್ಟುದ್ದ. ಅಗ್ಗದ್ದು. ಬಿಸಿಲಿಗಿಟ್ಟರೆ ಚಾರ್ಜ್ ಆಗುತ್ತದೆ. ಬಿಸಿಲಿಗೇನು ನಮ್ಮಲ್ಲಿ ಬರವೇ? ಆದರೆ ಇದಕ್ಕೊಂದು ಷರತ್ತಿದೆ. ಹತ್ತಿರ ಹೋಗಬೇಕು. ನಾನು ಆರೋಗ್ಯ ಕಾರ್ಯಕರ್ತನಾಗುವಾಗ ತರಬೇತಿಯಲ್ಲಿ ನಮ್ಮ ಮೇಡಂ ಹೇಳುತ್ತಿದ್ದರು: "ಇನ್ನೂ ಹತ್ತಿರ ಬಾರಪ್ಪಾ, ಅವರ ಉಸಿರು ನಿನ್ನ ಕೆನ್ನೆಗೆ ತಾಗ್ಬೇಕು. ನಾಚ್ಕೊಂಡ್ರೆ ರೋಗ ಕಾಣಲ್ಲ!" ಒಳ್ಳೆಯ ಮಾತು. ಆದರೆ ಮೇಡಂ ಪಟ್ಟಣದವರು. ನಮ್ಮ ಕಡೆ ಅಳಿಯನಾದವನು ಅತ್ತೆಯ ಮುಖ ನೋಡುವಂತಿಲ್ಲ ಎಂಬುದು ಅವರ ಪಾಠದಲ್ಲಿರಲಿಲ್ಲ.

ನಾನು ಮದುವೆಯಾಗಿ ಹೆಂಡತಿಯ ಊರಿಗೆ ಬಂದವನು. ಅತ್ತೆ ಎದುರಾದರೆ ದಾರಿ ಬಿಟ್ಟು ಜೋಳದ ಹೊಲಕ್ಕಿಳಿಯುತ್ತೇನೆ. ಅವರೂ ಬಟ್ಟೆಯಂಚು ಮುಖಕ್ಕೆಳೆದುಕೊಂಡು ತಿರುಗಿ ನಿಲ್ಲುತ್ತಾರೆ. ಅದು ದ್ವೇಷವಲ್ಲ, ಮರ್ಯಾದೆ. ಇಷ್ಟು ವರ್ಷ ನಾನುಂಡ ನ್ಸಿಮಾ ಮುದ್ದೆ ಅವರೇ ತಿರುವಿದ್ದು. ಕೈರುಚಿ ಗೊತ್ತು, ಮುಖ ಗೊತ್ತಿಲ್ಲ.

ಆ ಕೈಯನ್ನು ಅವರು ಒಂದು ದಿನ ಕೆಂಡಕ್ಕಿಟ್ಟರು. ಪಾತ್ರೆ ಎಂದುಕೊಂಡರಂತೆ. ಕಣ್ಣು ಇಷ್ಟು ಮಂಜಾಗಿದೆಯೆಂದು ಮನೆಯವರಿಗೆ ತಿಳಿದದ್ದೇ ಆಗ. ಬರೀ ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ಬೆಳಕು ಮರಳುತ್ತದೆ. ಒಳಗಿನ ನರವೇ ಸಾಯುತ್ತಿದ್ದರೆ, ಹೋದದ್ದು ಹೋದದ್ದೇ. ಯಾವುದೆಂದು ನೋಡಲು ಸುತ್ತಲಿನ ಊರುಗಳಿಗೆಲ್ಲ ಇದ್ದದ್ದು ಒಂದೇ ಟಾರ್ಚು. ಅದು ನನ್ನ ಕೊರಳಲ್ಲಿತ್ತು.

ಹೆಂಡತಿ ತಿಯಾಮಿಕೆಯ ಕೈಗೆ ಅದನ್ನು ಕೊಟ್ಟು, ನೀನೇ ನೋಡು ಎಂದು ಒಳಗೆ ಕಳಿಸಿದೆ. ಬಂದಳು. "ಏನು ಕಾಣಿಸ್ತು?" ಎಂದೆ.

"ಅಮ್ಮ ಕಾಣಿಸಿದ್ಳು" ಎಂದಳು. ಅಲ್ಲಿಗೂ ಬಿಡಲಿಲ್ಲ. "ಊರವರ ಕಣ್ಣನ್ನೆಲ್ಲ ಬಗ್ಗಿ ಬಗ್ಗಿ ನೋಡ್ತೀರಿ. ನಮ್ಮಮ್ಮ ಏನು ಪಾಪ ಮಾಡಿದ್ಳು?"

ಸಭಿಕರೇ, ನಾನು ನನ್ನ ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡವನು. ಇರಲಿ, ಅದು ಇಲ್ಲಿಗೆ ಸಂಬಂಧಿಸಿದ್ದಲ್ಲ.

ಮರುದಿನ ನನ್ನ ತಪಾಸಣೆಯ ಸಾಲಿನಲ್ಲಿ ತಲೆಯಿಂದ ಕಾಲಿನವರೆಗೆ ಚಿತೇಂಜೆ ಬಟ್ಟೆ ಹೊದ್ದವರೊಬ್ಬರು ಬಂದು ಕೂತರು. ಬಟ್ಟೆಗೊಂದು ತೂತು, ತೂತಿನಲ್ಲೊಂದು ಕಣ್ಣು. ತೂತಿನ ಅಂಚಿಗೆ ನೀಟಾಗಿ ಹೊಲಿಗೆ ಬೇರೆ! ಪಕ್ಕದಲ್ಲಿ ತಿಯಾಮಿಕೆ ನಿಂತಿದ್ದಳು.

"ಯಾರಿವರು?" ಎಂದೆ.

"ಯಾರೋ ಅಜ್ಜಿ. ಸ್ವಲ್ಪ ನೋಡಿ ಡಾಕ್ಟ್ರೇ" ಎಂದಳು. ಡಾಕ್ಟ್ರೇ ಅಂತೆ! ಮನೆಯಲ್ಲಿ ಒಂದು ದಿನವೂ ಹಾಗೆ ಕರೆದವಳಲ್ಲ.

ಬಗ್ಗಿದೆ. ಟಾರ್ಚು ಹಚ್ಚಿದೆ. ಆರೋಗ್ಯವಾದ ಕಣ್ಣಿಗೆ ಬೆಳಕು ಬಿಟ್ಟರೆ ಒಳಗೆ ಕೆಂಪು ಹೊಳೆಯುತ್ತದೆ. ಇಲ್ಲಿ ಹೊಳೆಯಲಿಲ್ಲ, ಬೂದಿ ಬಣ್ಣದ ಪೊರೆ ಅಡ್ಡ ನಿಂತಿತ್ತು. ಆದರೆ ಬೆಳಕು ಬಿದ್ದೊಡನೆ ಪಾಪೆ ಚುರುಕಾಗಿ ಕುಗ್ಗಿತು. ನರ ಬದುಕಿತ್ತು.

"ಅಜ್ಜಿಗೆ ಹೇಳಮ್ಮಾ, ಪೊರೆ ಅಷ್ಟೇ, ಆಪರೇಷನ್ ಮಾಡಿದ್ರೆ ಕಣ್ಣು ಬರುತ್ತೆ" ಎಂದೆ. ಬಟ್ಟೆಯೊಳಗಿಂದ ಬಿಟ್ಟ ಉಸಿರು ನನ್ನ ಕೆನ್ನೆಗೆ ತಾಗಿತು. ಮೇಡಂ ಹೇಳಿದ ಹಾಗೆಯೇ.

ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚಿದ ದಿನ ನಾನು ಆಸ್ಪತ್ರೆಯ ಅಂಗಳದಲ್ಲೇ ಉಳಿದೆ. ತಿಯಾಮಿಕೆ ಓಡಿ ಬಂದಳು. "ಅಮ್ಮಂಗೆ ಎಲ್ಲಾ ಕಾಣ್ತಿದೆ ರೀ! 'ನನ್ನ ಅಳಿಯ ನೋಡೋಕೆ ಹೇಗಿದಾನೆ, ಒಂದ್ಸಲನೂ ನೋಡ್ಲಿಲ್ವಲ್ಲೇ' ಅಂತ ಒಂದೇ ಸಮನೆ ಕೇಳ್ತಿದಾಳೆ."

ಕಿರಿಯರೇ, ನನ್ನ ಉಪದೇಶ ಇಷ್ಟೇ. ಹತ್ತಿರ ಹೋಗಿ. ಹೋಗಲಾಗದಿದ್ದರೆ ಕತ್ತರಿ, ಸೂಜಿ ತನ್ನಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಎರಡೇ ಮಾತು ಎಂದು ಒಪ್ಪಿ ನಿಂತವನು ಇಷ್ಟುದ್ದ ಎಳೆದದ್ದಕ್ಕೆ ಕಾರಣವಿದೆ. ಎಡಗಡೆಯ ಸಾಲಿನಲ್ಲಿ ಒಬ್ಬರು ಬಂದು ಕೂತಿದ್ದಾರಂತೆ. ನಾನು ಅತ್ತ ನೋಡುವಂತಿಲ್ಲ. ಆದರೆ ವೇದಿಕೆಯ ಮೇಲಿನವನನ್ನು ಸಭಿಕರು ನೋಡಬಾರದು ಎಂಬ ಕಟ್ಟಳೆ ಎಲ್ಲಾದರೂ ಇದೆಯೇ? ಮುಖಂಡರು ಇಲ್ಲವೆಂದು ತಲೆಯಾಡಿಸುತ್ತಿದ್ದಾರೆ. ಸಂತೋಷ. ಇಷ್ಟು ಹೊತ್ತೂ ಎಡಗಡೆ ಕೂತ ಅವರಿಗೆ ನನ್ನ ಒಂದು ಕಿವಿ, ಅರ್ಧ ಮೂಗು ಕಂಡಿರಬೇಕು.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು. ಈಗ ನಾನು ಕಣ್ಣು ಮುಚ್ಚಿಕೊಂಡು ಎಡಕ್ಕೆ ತಿರುಗುತ್ತೇನೆ. ತಿಯಾಮಿಕೆ, ಅಮ್ಮ ನೋಡಿದ್ದು ಸಾಕಾದ ಮೇಲೆ ಹೇಳು, ಕೂರುತ್ತೇನೆ. ನಮಸ್ಕಾರ.