ಅವ್ವನ ಟ್ರಂಕು

ಬನಹಟ್ಟಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ, ಸೀರೆ ನೇಯಿಸುವ ರಂಜನಾ ಅವರನ್ನು ಕಂಪ್ಯೂಟರ್ ಕಂಪನಿಯ ಕೌಸ್ತುಭ ಬಿಡದೆ ಕೇಳುತ್ತಿದ್ದ.

"ಅಕ್ಕಾರ, ನಮ್ಮ ಕ್ಲೌಡಿನ್ಯಾಗ ಡಿಸೈನ್ ಇಡೂದು ಯಾಕ ಬಿಟ್ರಿ?"

"ಮೊನ್ನೆ ನೆಟ್ ಹೋತು. ನನ್ನ ಅಂಚಿನ ಡಿಸೈನ್ ನನಗ ಸಿಗಲಿಲ್ಲ. ಎಲ್ಲಾ ಮಗ್ಗ ಸುಮ್ಮನ ನಿಂತ್ವು."

"ಈಗ ನಿಮ್ಮ ಕಂಪ್ಯೂಟರಿಗೆ ಹಾಕ್ಕೊಂಡೀರಲ್ಲ, ಆ ಪುಗಸಟ್ಟೆ ಸಾಫ್ಟ್‌ವೇರ್ ಕೆಟ್ರ ಯಾರ್ ಬರ್ತಾರ್ರೀ?"

"ಯಾರೂ ಬರೂದಿಲ್ಲ. ಮಾಡಿದವರು ಅದರ ಒಳಗಿಂದೆಲ್ಲಾ ಯಾರು ಬೇಕಾದ್ರೂ ನೋಡೂ ಹಂಗ ಬಿಚ್ಚಿ ಇಟ್ಟಾರ. ಮಗ್ಗದ ರಿಪೇರಿ ಕಲ್ತಂಗ ಅದನ್ನೂ ಕಲೀತೇನಿ."

"ಕಂಪ್ಯೂಟರ್ ಸುಟ್ಟು ಹೋದ್ರ? ನಮ್ಮಲ್ಲಾದ್ರ ಇನ್ನೊಂದು ಪ್ರತಿ ಇರತಿತ್ತು."

ತೇರದಾಳದ ಬಸ್ಸು ಬಂತು. ರಂಜನಾ ಎದ್ದು, ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೋರಿಸಿದರು.

"ನಂದೂ ಐತಿ. ಅಮಾಸಿಗೆ ಮಗ್ಗ ಸೂಟಿ ಇದ್ದಾಗೊಮ್ಮೆ ತವರಮನಿಗೆ ಒಯ್ದು ಅವ್ವನ ಟ್ರಂಕಿನ್ಯಾಗ ಇಡ್ತೇನಿ. ಅವ್ವ ಇನ್ನೂ ತನಕ ಪಾಸ್‌ವರ್ಡ್ ಕೇಳಿಲ್ಲ."